ಕಾಶಿಬಾಯಿಯ ರೊಟ್ಟಿ ದಂಡು

ಅಫಜಲಪುರ ತಾಲೂಕಿನ ಮಾದಳಗಾ ಎಂಬ ಊರಿನಲ್ಲಿ ಕಾಶಿಬಾಯಿ ಎಂಬ ಮುದುಕಿ ದಿನಾ ಬೆಳಿಗ್ಗೆ ಮಾಳಿಗೆ ಹತ್ತಿ ಮನೆಮನೆಯ ಹೊಗೆ ಎಣಿಸುತ್ತಾಳೆ. ಇದ್ದದ್ದು ಇಷ್ಟೇ. ಆದರೆ ಇದ್ದದ್ದನ್ನು ಇದ್ದಷ್ಟೇ ಹೇಳುತ್ತ ಕೂತಿದ್ದರೆ ಚೌಡಾಪುರದ ಚಹಾದಂಗಡಿಗಳು ಎಂದೋ ಬಾಗಿಲು ಹಾಕಬೇಕಾಗುತ್ತಿತ್ತು. ಅಲ್ಲಿನ ಬೆಂಚುಗಳ ಮೇಲೆ ಈ ಕತೆ ಬೇರೆಯೇ ಗಾತ್ರಕ್ಕೆ ಬೆಳೆದಿದೆ. ಹೊಗೆಯ ಬಣ್ಣ ನೋಡಿ ಯಾರ ಮನೆಯಲ್ಲಿ ಬದನೆಕಾಯಿ, ಯಾರ ಮನೆಯಲ್ಲಿ ಬರೀ ಚಟ್ನಿಪುಡಿಯಂಥ ಹಿಂಡಿ ಎಂದು ಅವಳು ಹೇಳುತ್ತಾಳಂತೆ. ಹವಳಗಾದ ಸಕ್ಕರೆ ಕಾರ್ಖಾನೆಯ ಹೊಗೆ ಎತ್ತ ವಾಲಿದೆ ಎಂದು ಕಣ್ಣು ಕಿರಿದು ಮಾಡಿ ನೋಡಿ, ನಾಳೆ ತೊಗರಿ ರಾಶಿ ಮಾಡಬೇಕೋ ಬೇಡವೋ ಎಂದು ಫರ್ಮಾನು ಹೊರಡಿಸುತ್ತಾಳಂತೆ. ಒಂದೇ ಮನೆಯಿಂದ ಎರಡು ಹೊಗೆ ಎದ್ದ ದಿನ, ಅಣ್ಣತಮ್ಮಂದಿರು ಪಾಲಾಗುತ್ತಾರೆ ಎಂಬ ಸುದ್ದಿಯನ್ನು ಆ ಅಣ್ಣತಮ್ಮಂದಿರಿಗೇ ಮೊದಲು ತಿಳಿಸಿದವಳು ಇವಳಂತೆ. ಆಕಾಶದಲ್ಲಿ ಸುತ್ತುವ ಉಪಗ್ರಹಗಳು ಮಾದಳಗಾದ ಮೇಲೆ ಬಂದಾಗ ಜರಾ ತಲೆಬಾಗಿ ಮುಂದೆ ಹೋಗುತ್ತವೆ ಎಂದೂ ಒಬ್ಬ ಹೇಳಿದ. ಅವನ ಚಹಾ ಅಷ್ಟರಲ್ಲಿ ಮುಗಿದದ್ದರಿಂದ ಹೆಚ್ಚಿನ ವಿವರ ಸಿಗಲಿಲ್ಲ.

ಮನೆಮನೆಗೆ ಗ್ಯಾಸು ಬಂದ ಮೇಲೆ ಈ ವಿದ್ಯೆ ಮಂಕಾಗಬೇಕಿತ್ತು. ಆದರೆ ಗ್ಯಾಸಿನ ಮೇಲೆ ಜೋಳದ ರೊಟ್ಟಿ ಸರಿಯಾಗಿ ಉಬ್ಬುವುದಿಲ್ಲ ಎಂದು ಊರಿನ ಹೆಂಗಸರು ಒಮ್ಮತದಿಂದ ತೀರ್ಮಾನಿಸಿ, ಸಿಲಿಂಡರನ್ನು ಚಹಾಕ್ಕೆ, ಒಲೆಯನ್ನು ರೊಟ್ಟಿಗೆ ಎಂದು ಹಂಚಿಬಿಟ್ಟಿದ್ದರು. ಹಾಗಾಗಿ ಕಾಶಿಬಾಯಿಯ ಲೆಕ್ಕಕ್ಕೆ ಊನ ಬರಲಿಲ್ಲ. ನೂರಾ ಎಂಬತ್ತಮೂರು ಮನೆ, ನೂರಾ ಎಂಬತ್ತಮೂರು ಹೊಗೆ. ಎಂಟು ಗಂಟೆಯಾದರೂ ಒಂದು ಮನೆಯ ಹೊಗೆ ಏಳಲಿಲ್ಲವೆಂದರೆ ಅಲ್ಲಿ ಜಡ್ಡು, ಜಗಳ ಅಥವಾ ಸಾವು. ಜಡ್ಡಾದರೆ ಮಾತಾಡಿಸಿ ಬರುತ್ತಾಳೆ. ಜಗಳವಾದರೆ ಅದು ಮುಗಿಯುವ ಮುಂಚೆ ಹೋಗಿ ಕೇಳಿ ಬರುತ್ತಾಳೆ. ಸಾವಾದರೆ ದಂಡು ಕಟ್ಟುತ್ತಾಳೆ.

ಈ ದಂಡೇ ಅವಳ ನಿಜವಾದ ಸಾಹಸ. ಸಾವಾದ ಮನೆಯಲ್ಲಿ ಮೂರು ದಿನ ಒಲೆ ಹೊತ್ತಿಸುವುದಿಲ್ಲ; ಊರವರು ರೊಟ್ಟಿ ಕೊಟ್ಟು ಕಳಿಸುತ್ತಾರೆ. ಅದು ಮೊದಲಿನಿಂದ ಇದ್ದದ್ದೇ. ಆ ರೊಟ್ಟಿ ಕೂಡಿಸಿ ಹೊತ್ತು ಒಯ್ಯುವ ಕೆಲಸವನ್ನು ಮಕ್ಕಳಿಗೆ ಕೊಟ್ಟದ್ದು ಮಾತ್ರ ಕಾಶಿಬಾಯಿಯ ಕಾನೂನು. ಎಂಟು ವರ್ಷ ತುಂಬಿದ ಹುಡುಗ ಹುಡುಗಿಯರು ಸಾಲಾಗಿ ಹೋಗಬೇಕು. ಗಂಟು ಇಳಿಸಬೇಕು, ಖಾಲಿ ಕೊಡಗಳಿಗೆ ನೀರು ತುಂಬಬೇಕು, ಎರಡು ಮಾತು ಹೇಳಬೇಕು, ಮೂರನೆಯ ದಿನ ಹೋಗಿ ಗಂಟಿನ ಅರಿವೆ ವಾಪಸು ತಂದು ಒಗೆದು ಇಡಬೇಕು. ಹೆಣ ಕಂಡರೆ ಮುಖ ತಿರುಗಿಸಬಾರದು. ಮನೆಯವರಿಗಿಂತ ಹೆಚ್ಚು ಅಳಬಾರದು. ಎಲ್ಲಕ್ಕೂ ಮೇಲಾಗಿ, ಯಾರನ್ನೂ ಏನೂ ಕೇಳಬಾರದು.

ಯಾರ ಮನೆಯ ರೊಟ್ಟಿಯನ್ನು ಯಾರು ತಿನ್ನುತ್ತಾರೆ, ಯಾರು ತಿನ್ನುವುದಿಲ್ಲ ಎಂಬುದರ ಬಗ್ಗೆ ಮಾದಳಗಾದಲ್ಲಿ ಬರೆಯದ ದೊಡ್ಡ ಗ್ರಂಥವೇ ಇತ್ತು. ಅದನ್ನು ಕಾಶಿಬಾಯಿ ಓದಲೇ ಇಲ್ಲ. ಗೌಡರ ಓಣಿಯ ರೊಟ್ಟಿ, ಅಂಬೇಡ್ಕರ ನಗರದ ರೊಟ್ಟಿ, ಗೆಳತಿ ವಜೀರುನ್ನಿಸಾಳ ರೊಟ್ಟಿ ಎಲ್ಲವನ್ನೂ ಒಂದೇ ಹಳೆಯ ಧೋತರದಲ್ಲಿ ಇಸ್ಪೀಟಿನ ಎಲೆಯಂತೆ ಕಲಸಿ ಗಂಟು ಕಟ್ಟುತ್ತಿದ್ದಳು. ಯಾರದು ಯಾವುದೆಂದು ಬ್ರಹ್ಮನೂ ಹೇಳಲಾರ. ದುಃಖದಲ್ಲಿದ್ದ ಮನೆಯವರು ವಿಚಾರಣೆ ಮಾಡುವ ಸ್ಥಿತಿಯಲ್ಲಿ ಇರುತ್ತಿರಲಿಲ್ಲ. ಹಸಿವೂ ಇರುತ್ತಿತ್ತು.

ಇಪ್ಪತ್ತೊಂಬತ್ತು ವರ್ಷ ಅಂಗನವಾಡಿಯಲ್ಲಿ ಸಹಾಯಕಿಯಾಗಿ ಊರಿನ ಎರಡು ತಲೆಮಾರಿನ ಮೂಗು ಒರೆಸಿದವಳಾದ್ದರಿಂದ ಅವಳಿಗೆ ಎದುರಾಡುವ ಧೈರ್ಯ ಯಾರಿಗೂ ಇರಲಿಲ್ಲ, ಸ್ವಂತ ಸೊಸೆ ಶಿವಗಂಗಾಳನ್ನು ಬಿಟ್ಟು.

‘‘ಸಣ್ಣ ಹುಡುಗರಿಗೆ ಹೆಣ ಯಾಕ ತೋರಸ್ತೀರಿ ಅತ್ತಿ,’’ ಎಂದು ಶಿವಗಂಗಾ ತಿಂಗಳಿಗೊಮ್ಮೆ ಕೇಳುತ್ತಿದ್ದಳು. ‘‘ಅನುರಾಧಾ ರಾತ್ರಿ ಬೆಚ್ಚಿ ಬೀಳ್ತಾಳ.’’

‘‘ಅಕಿ ಬೀಳೂದು ಗಣಿತದ ಪರೀಕ್ಷಾಕ್ಕ. ಟೀವ್ಯಾಗ ದಿನಾ ಹತ್ತ ಮಂದಿ ಸಾಯೂದು ನೋಡ್ತಾಳ, ಅವಾಗ ನೀನ ಬಾಜೂಕ ಕುಂತು ಶೇಂಗಾ ತಿಂತಿರ್ತಿ.’’

ಇಷ್ಟಕ್ಕೆ ಆ ಮಾತು ಮುಗಿಯುತ್ತಿತ್ತು. ಕಾಶಿಬಾಯಿ ಹೇಳದ ಇನ್ನೊಂದು ಸಂಗತಿ ಇತ್ತು. ಮೂವತ್ತೈದು ವರ್ಷದ ಹಿಂದೆ ಅವಳ ಗಂಡ ತೀರಿಕೊಂಡಾಗ ಮಗ ಅಮೃತನಿಗೆ ಆರು ವರ್ಷ. ನೆಂಟರು ಹುಡುಗನನ್ನು ಬೇರೆ ಓಣಿಗೆ ಒಯ್ದು, ಅಪ್ಪ ಸೊಲ್ಲಾಪುರಕ್ಕೆ ಪೇಢಾ ತರಲು ಹೋಗಿದ್ದಾನೆ ಎಂದು ಹೇಳಿದರು. ಹುಡುಗ ನಂಬಿದ. ಎಂಟು ತಿಂಗಳು ದಿನಾ ಸಂಜೆ ರಸ್ತೆಯ ಬದಿ ನಿಂತು ಸೊಲ್ಲಾಪುರದ ಬಸ್ಸು ಕಾದ. ಬಸ್ಸು ಪ್ರತಿ ದಿನವೂ ಬರುತ್ತಿತ್ತು, ಅದೇ ತೊಂದರೆ. ಅಂದಿನಿಂದ ಕಾಶಿಬಾಯಿ ಮಕ್ಕಳಿಗೆ ಸುಳ್ಳು ಹೇಳಿಲ್ಲ. ಸತ್ತವರನ್ನು ‘ಸತ್ರು’ ಎನ್ನುತ್ತಾಳೆ.

ಅಮೃತನ ಮಗಳೇ ಈ ಅನುರಾಧಾ. ಏಳನೆಯ ಇಯತ್ತೆ, ಎರಡು ಜಡೆ, ಮೈತುಂಬ ಆತ್ಮವಿಶ್ವಾಸ. ಅಜ್ಜಿಯನ್ನು ಆಯಿ ಎಂದು ಕರೆಯುವ ಅವಳಿಗೆ ಆ ಆಯಿಯ ಜಾಗದಲ್ಲಿ ಒಮ್ಮೆ ನಿಲ್ಲಬೇಕು ಎಂಬ ಆಸೆ ಬಹಳ ದಿನದಿಂದ ಇತ್ತು. ಎಳ್ಳಮವಾಸ್ಯೆ ಮುಗಿದ ಮರುವಾರ ಅದು ಕೈಗೂಡಿತು. ಜೇವರ್ಗಿಯಲ್ಲಿದ್ದ ತಂಗಿಯ ಮಗಳ ಹೆರಿಗೆಗೆಂದು ಕಾಶಿಬಾಯಿ ನಾಲ್ಕು ದಿನ ಹೊರಟಳು. ಹೊರಡುವಾಗ ಗಂಟು ಕಟ್ಟುವ ಧೋತರವನ್ನು ಮೊಮ್ಮಗಳ ಕೈಗಿಟ್ಟಳು.

‘‘ನಾ ಬರೂತನಕ ನೀನ ಕಾರಭಾರಿ. ಮುಂಜಾನೆ ಹೊಗಿ ನೋಡು. ಹೊಗಿ ಇಲ್ಲಂದ್ರ ಕಟ್ಟಿ ನೋಡು. ಗಂಡಸರು ತಲೀಮ್ಯಾಲ ಟಾವೆಲ್ ಹಾಕ್ಕೊಂಡು ಸುಮ್ಮ ಕುಂತಿದ್ರ ತಿಳಕೋ. ಬಿದಿರ ಬಂದಿದ್ರ ಖಾತ್ರಿ.’’

ಅಂಗಳದಲ್ಲಿ ನಿಂತ ಅನುರಾಧಾ ತಲೆಯಾಡಿಸಿದಳು. ಮೊದಲ ದಿನ ಹೊಗೆ ನೂರಾ ಎಂಬತ್ತಮೂರು. ಎರಡನೆಯ ದಿನವೂ ನೂರಾ ಎಂಬತ್ತಮೂರು. ಊರಿನ ಆರೋಗ್ಯ ಇಷ್ಟು ಗಟ್ಟಿಯಿದೆ ಎಂದು ಅವಳಿಗೆ ಸ್ವಲ್ಪ ಬೇಸರವೇ ಆಯಿತು.

ಮೂರನೆಯ ದಿನ ನೂರಾ ಎಂಬತ್ತೆರಡು.

ಏಳದ ಹೊಗೆ ಗೌಡರ ಓಣಿಯ ಶಾಂತಲಿಂಗಪ್ಪನ ಮನೆಯದು. ಶಾಂತಲಿಂಗಪ್ಪನಿಗೆ ಎಪ್ಪತ್ತೆಂಟು, ಎರಡು ತಿಂಗಳಿಂದ ಹಾಸಿಗೆ ಹಿಡಿದಿದ್ದ. ಅನುರಾಧಾ ಇಳಿದು ಓಡಿ, ಓಣಿಯ ತಿರುವಿನಲ್ಲಿ ನಿಂತು ನೋಡಿದಳು. ಕಟ್ಟೆಯ ಮೇಲೆ ಐದು ಜನ ಗಂಡಸರು, ತಲೆಗೆ ಟಾವೆಲು, ತುಟಿಪಿಟಕ್ಕೆನ್ನದೆ ಕೂತಿದ್ದರು. ಬಾಗಿಲ ಬದಿಗೆ ಹಸಿ ಬಿದಿರಿನ ರಾಶಿ.

ಅಸಲಿಗೆ ಆದದ್ದು ಇಷ್ಟು. ಮಗ ಶಂಕರಲಿಂಗ ಅಪ್ಪನಿಗೆ ಕೂರಲು ಅನುಕೂಲವಾಗುವಂಥ ಹೊಸ ಬಚ್ಚಲು ಕಟ್ಟಿಸಲು ಹೊರಟು, ಅಡುಗೆಮನೆಯ ಗೋಡೆ ಕೆಡವಿಸಿದ್ದ. ಗೋಡೆಯ ಜೊತೆ ಒಲೆಯೂ ಹೋಯಿತು. ಕಟ್ಟೆಯ ಮೇಲಿದ್ದವರು ಗೋಡೆ ಕಟ್ಟುವ ಗೌಂಡಿಗಳು. ಬಿದಿರು ಅಟ್ಟಣಿಗೆ ಕಟ್ಟಲು ತಂದದ್ದು. ಸಿಮೆಂಟಿನ ಗಾಡಿ ಬರದೆ ಕೈಕಟ್ಟಿ ಕೂತಿದ್ದರು, ಪುಷ್ಯಮಾಸದ ಥಂಡಿಗೆ ಟಾವೆಲು ಸುತ್ತಿದ್ದರು. ಇದನ್ನೆಲ್ಲ ತಿಳಿಯಲು ಒಂದು ಮಾತು ಕೇಳಿದ್ದರೆ ಸಾಕಿತ್ತು. ಆದರೆ ಕೇಳಬಾರದು ಎಂಬುದೇ ಕಾನೂನು. ಆಯಿಯ ಕೋಟೆಯಲ್ಲಿ ಇದ್ದ ಒಂದೇ ಒಂದು ತೂತಿನಿಂದ ಮೊಮ್ಮಗಳು ನೇರ ಹೊರಗೆ ಬಿದ್ದಳು.

ಅನುರಾಧಾ ಹನ್ನೆರಡು ಮನೆ ತಿರುಗಿದಳು. ‘‘ಶಾಂತಲಿಂಗಪ್ಪ ಮುತ್ಯಾರ ಮನಿಗೆ ರೊಟ್ಟಿ ಬೇಕಾಗ್ಯಾವ,’’ ಎಂದು ತಲೆ ತಗ್ಗಿಸಿ ನಿಂತಳು. ತಲೆ ತಗ್ಗಿಸಿದ್ದೇ ಸಾಕಾಯಿತು.

‘‘ಹೋದನೇನ ಪಾಪ,’’ ಎಂದಳು ವಜೀರುನ್ನಿಸಾ, ತೆಳ್ಳಗಿನ ಎರಡು ರೊಟ್ಟಿಯ ಮೇಲೆ ಇನ್ನೊಂದು ಇಟ್ಟು. ‘‘ಒಂದಿನ ಛಲೋ ಮಾತಾಡ್ಲಿಲ್ಲ, ಖರೇ ಒಂದಿನಾ ಸುಳ್ಳ ಮಾತಾಡ್ಲಿಲ್ಲ.’’ ಅವಳ ಮೊಮ್ಮಗ ಬಿಲಾಲ ಚಪ್ಪಲಿ ಬಿಟ್ಟು ದಂಡು ಸೇರಿದ. ಹೊಲದ ಬದುವಿನ ಮೇಲಿನ ಒಂದು ಬೇವಿನ ಗಿಡಕ್ಕಾಗಿ ಹನ್ನೊಂದು ವರ್ಷ ಶಾಂತಲಿಂಗಪ್ಪನ ಜೊತೆ ಮಾತು ಬಿಟ್ಟಿದ್ದ ನಾಗಣ್ಣ, ಹೆಂಡತಿಯನ್ನು ಬದಿಗೆ ಸರಿಸಿ ತಾನೇ ಹೊರಗೆ ಬಂದ. ನಾಲ್ಕು ರೊಟ್ಟಿ, ಮೇಲೆ ಶೇಂಗಾ ಹಿಂಡಿ. ಏನೋ ಹೇಳಲು ಬಾಯಿ ತೆರೆದು, ಹೇಳದೆ ಕಣ್ಣೊರೆಸಿಕೊಂಡು ಒಳಗೆ ಹೋದ.

ಹೀಗೆ ಒಟ್ಟು ಮೂವತ್ತೊಂದು ರೊಟ್ಟಿ, ಎಂಟು ಮಕ್ಕಳು, ಒಬ್ಬಳು ಸೇನಾಪತಿ. ಗೌಂಡಿಗಳು ಎದ್ದು ದಾರಿ ಬಿಟ್ಟರು. ಏನೋ ಪೂಜೆ ಇರಬೇಕು ಎಂದುಕೊಂಡರು. ಅಂಗಳದಲ್ಲಿ ಶಾಂತಲಿಂಗಪ್ಪ ಗೋಡೆಗೆ ಒರಗಿ ಕೂತಿದ್ದ. ಹಣೆಗೆ ವಿಭೂತಿ, ಹೆಗಲಿಗೆ ಶಾಲು, ಕಣ್ಣು ಮುಚ್ಚಿದ್ದವು. ಆ ಓಣಿಯ ಲಿಂಗಾಯತರ ಮನೆಗಳಲ್ಲಿ ಸತ್ತವರನ್ನು ಹೀಗೇ ಗೋಡೆಗೆ ಒರಗಿಸಿ ಕೂರಿಸುವುದನ್ನು ಮಕ್ಕಳು ನಾಲ್ಕಾರು ಸಲ ನೋಡಿದ್ದರು. ಹಾಗಾಗಿ ಯಾರಿಗೂ ಅನುಮಾನ ಬರಲಿಲ್ಲ. ಬಿಲಾಲ ಕೊಡ ಹುಡುಕಲು ಹೋದ. ಅನುರಾಧಾ ಗಂಟನ್ನು ಮುದುಕನ ಪಾದದ ಹತ್ತಿರ ಇಳಿಸಿ, ಬಾಗಿಲಲ್ಲಿ ಕಂಡ ಅವನ ಸೊಸೆಯ ಕಡೆ ತಿರುಗಿ, ಕಲಿತ ಮಾತು ಹೇಳಿದಳು.

‘‘ಎರಡು ತುತ್ತು ತಿನ್ರಿ ಅಕ್ಕಾರ. ಆದದ್ದು ಆತು. ಮುತ್ಯಾ ಛಲೋ ಬಾಳ್ವಿ ಮಾಡಿ ಹೋದ್ರು.’’

‘‘ಎಲ್ಲಿಗೆ,’’ ಎಂದ ಶಾಂತಲಿಂಗಪ್ಪ, ಕಣ್ಣು ತೆರೆಯದೆ.

ಆಮೇಲೆ ಶಾಲಿನೊಳಗಿಂದ ಒಂದು ಕೈ ಹೊರಗೆ ಬಂತು. ಕೈಯಲ್ಲಿ ಬಸಿ ಇತ್ತು, ಬಸಿಯಲ್ಲಿ ಚಹಾ ಇತ್ತು. ಅವನು ಅದನ್ನು ಊದಿ, ಸುರ್ರೆಂದು ಎಳೆದ.

ದಂಡು ಚೆಲ್ಲಾಪಿಲ್ಲಿಯಾಯಿತು. ಯಾವ ರಾಜನ ಸೈನ್ಯವೂ ಇಷ್ಟು ಬೇಗ ಯಾವ ಅಂಗಳವನ್ನೂ ಖಾಲಿ ಮಾಡಿರಲಿಕ್ಕಿಲ್ಲ. ಸೇನಾಪತಿ ಎಲ್ಲರಿಗಿಂತ ಮುಂದೆ ಓಡಿದಳು.

ಅಷ್ಟರಲ್ಲಿ ಸುದ್ದಿ ಅವಳಿಗಿಂತಲೂ ಮುಂದೆ ಓಡಿತ್ತು. ಊರಿನ ಪಡ್ಡೆಯೊಬ್ಬ ಶಾಂತಲಿಂಗಪ್ಪನ ಫೋಟೋಕ್ಕೆ ದೀಪ, ಹೂವು, ‘ಭಾವಪೂರ್ಣ ಶ್ರದ್ಧಾಂಜಲಿ’ ಎಲ್ಲ ಅಂಟಿಸಿ ವಾಟ್ಸ್ಆ್ಯಪ್ ಸ್ಟೇಟಸ್ಸಿಗೆ ಏರಿಸಿಬಿಟ್ಟಿದ್ದ. ಮಧ್ಯಾಹ್ನದ ಹೊತ್ತಿಗೆ ಆಳಂದದಿಂದ ಮುದುಕನ ತಂಗಿ ಜೀಪು ಮಾಡಿಕೊಂಡು, ಊರ ಅಗಸಿಯಿಂದಲೇ ಸ್ವರ ತೆಗೆದು ಅಳುತ್ತ ಬಂದಳು. ಬಂದು ನೋಡಿದರೆ ಅಣ್ಣ ಕಣ್ಣು ಕೆಕ್ಕರಿಸಿ ಕೂತಿದ್ದಾನೆ. ತೆಗೆದ ಸ್ವರವನ್ನು ನಡುವೆ ನಿಲ್ಲಿಸುವುದು ಸುಲಭವಲ್ಲ. ಅವಳು ಪದ್ಧತಿಯಂತೆ ಶೋಕದ ಹಾಡಿನ ಒಂದು ನುಡಿ ಪೂರ್ತಿ ಅತ್ತು, ಆಮೇಲೆ ಚಹಾ ಕುಡಿದಳು.

ಇಷ್ಟರವರೆಗೆ ಊರಿಗೆ ನಗೆ. ಮರುದಿನ ನಗೆ ನಿಂತಿತು, ಯಾಕೆಂದರೆ ಶಾಂತಲಿಂಗಪ್ಪ ಊಟ ಬಿಟ್ಟ.

ಕಾಶಿಬಾಯಿ ಜೇವರ್ಗಿಯಿಂದ ಮರಳಿ ಚೌಡಾಪುರದಲ್ಲಿ ಬಸ್ಸಿಳಿದಾಗ ಮೊದಲ ಚಹಾದಂಗಡಿಯಲ್ಲಿ ಶಾಂತಲಿಂಗಪ್ಪ ಸತ್ತಿದ್ದ, ಎರಡನೆಯದರಲ್ಲಿ ಎದ್ದು ಕೂತಿದ್ದ, ಮೂರನೆಯದರಲ್ಲಿ ತನ್ನ ಮೊಮ್ಮಗಳೇ ಅವನನ್ನು ಎಬ್ಬಿಸಿದ್ದಳು. ಮನೆಗೆ ಬಂದರೆ ಅಂಗಳದಲ್ಲಿ ಶಂಕರಲಿಂಗ ನಿಂತಿದ್ದ. ದೊಡ್ಡ ಆಳು, ಸಿಟ್ಟಿಗಿಂತ ಹೆಚ್ಚಾಗಿ ನಿದ್ದೆಗೆಟ್ಟ ಮುಖ.

‘‘ಎರಡ ದಿನ ಆತ್ರಿ ಕಾಶಿಬಾಯಿ ಅಕ್ಕಾರ. ಅಪ್ಪಾರು ಒಂದ ತುತ್ತು ಮುಟ್ಟಿಲ್ಲ. ಊರು ನನ್ನ ಹೆಸರಲೆ ರೊಟ್ಟಿ ಎತ್ತೇದ, ಇನ್ನ ನಾ ಇದ್ದೇನು ಮಾಡೂದದ ಅಂತಾರ. ಡಾಕ್ಟರು ಬಂದ್ರ ಗ್ವಾಡಿ ಕಡೆ ಮಾರಿ ಮಾಡ್ತಾರ. ಹಿಂಗ ನಾಲ್ಕ ದಿನ ಆದ್ರ ನಾ ಯಾರನ್ನ ಕೇಳ್ಲಿ.’’

ಬಾಗಿಲ ಹಿಂದೆ ನಿಂತಿದ್ದ ಅನುರಾಧಾ ಇದನ್ನೆಲ್ಲ ಕೇಳಿಸಿಕೊಂಡಳು. ಎರಡು ದಿನದಿಂದ ಅವಳು ಮಾಳಿಗೆ ಹತ್ತಿರಲಿಲ್ಲ. ಸತ್ತವರ ಮನೆಗೆ ಹೋಗಲು ಅವಳಿಗೆ ಎಂದೂ ಭಯವಾಗಿರಲಿಲ್ಲ. ಈಗ ಬದುಕಿದ್ದ ಒಬ್ಬ ಮುದುಕ ತನ್ನಿಂದ ಸಾಯಬಹುದು ಎಂಬುದನ್ನು ಎಲ್ಲಿ ಇಡಬೇಕೆಂದು ತಿಳಿಯಲಿಲ್ಲ.

ಶಿವಗಂಗಾ ಮಗಳನ್ನು ತಬ್ಬಿಕೊಂಡಳು. ‘‘ಇನ್ನ ಸಾಕು ಅತ್ತಿ. ಹುಡುಗೀನ್ನ ಎಲ್ಲೀ ಕಳಸೂದಿಲ್ಲ. ಅಕಿಗೇನ ತಿಳೀತದ. ನೀವ ಹೋಗಿ ಕಾಲ ಬಿದ್ದು ಬರ್ರಿ.’’

ಕಾಶಿಬಾಯಿ ಕೈಚೀಲ ಇಳಿಸಿದಳು. ಶಂಕರಲಿಂಗನಿಗೆ ಕೂರಲು ಚಾಪೆ ಕೊಟ್ಟಳು, ನೀರು ಕೊಟ್ಟಳು. ‘‘ತಪ್ಪಾಗೇದಪಾ,’’ ಎಂದಳು. ಅವನು ಹೋದ ಮೇಲೆ ಮೊಮ್ಮಗಳನ್ನು ಕರೆದಳು.

‘‘ಯಾರನ್ನೂ ಕೇಳಬ್ಯಾಡ ಅಂತ ಕಲಿಸಿದ್ದು ನನ್ನ ತಪ್ಪು. ಅದನ್ನ ನಾ ನೋಡ್ಕೋತೇನಿ. ಕೇಳದ ಹನ್ನೆರಡ ಮನಿ ತಿರುಗಿದ್ದು ನಿನ್ನ ತಪ್ಪು. ಅದನ್ನ ನೀ ನೋಡ್ಕೋ. ಗಂಟಿನ ಅರಿವಿ ಅಲ್ಲೇ ಬಿಟ್ಟು ಬಂದಿ. ಮುಂಜಾನೆ ಹೋಗಿ ತಗೊಂಡ ಬಾ.’’

‘‘ನೀ ಬರೂದಿಲ್ಲೇನ ಆಯಿ?’’

‘‘ಬರೂದಿಲ್ಲ.’’

‘‘ಹೋಗಿ ಏನ ಹೇಳ್ಲಿ?’’

‘‘ತಪ್ಪಾತು ಅಂತ ಹೇಳು. ಅದರ ಮುಂದ ‘ಆದ್ರ’ ಅನ್ನಬ್ಯಾಡ. ಕೇಳಿದ್ದಕ್ಕ ಖರೇ ಹೇಳು.’’

‘‘ಅವ್ರು ಉಣ್ಣಲಿಲ್ಲಂದ್ರ?’’

‘‘ಉಣ್ಣೂದು ಬಿಡೂದು ಅವನ ಕೆಲಸ. ತಪ್ಪ ಹೇಳೂದು ನಿನ್ನ ಕೆಲಸ. ಅವನ ಕೆಲಸಾನೂ ನೀನ ಮಾಡಾಕ ಹೋಗಬ್ಯಾಡ.’’

ಶಿವಗಂಗಾ ಒಂದು ದಿನ ಅತ್ತೆಯ ಜೊತೆ ಮಾತು ಬಿಟ್ಟಳು. ಅನುರಾಧಾಳಿಗೆ ಮಾತ್ರ ಆಯಿ ಆ ಸಂಜೆ ಬೆಟ್ಟದಷ್ಟು ಎತ್ತರ ಕಂಡಳು. ಎಂಥ ಗಟ್ಟಿ ಜೀವ, ಸ್ವಂತ ಮೊಮ್ಮಗಳೆಂದು ಒಂದು ಕೂದಲಷ್ಟೂ ಕರಗಲಿಲ್ಲ.

ಮರುದಿನ ಬೆಳಿಗ್ಗೆ ಅವಳು ಒಬ್ಬಳೇ ಗೌಡರ ಓಣಿಗೆ ಹೋದಳು. ಸಿಮೆಂಟು ಬಂದು ಗೌಂಡಿಗಳು ಕೆಲಸಕ್ಕೆ ಹತ್ತಿದ್ದರು. ಅವಳನ್ನು ನೋಡಿ ಒಬ್ಬ ಇನ್ನೊಬ್ಬನಿಗೆ ಮೊಣಕೈಯಿಂದ ತಿವಿದ. ಒಳಗೆ ಶಾಂತಲಿಂಗಪ್ಪ ಗೋಡೆಗೆ ಮುಖ ಮಾಡಿ ಮಲಗಿದ್ದ. ಮೂಲೆಯಲ್ಲಿ ಧೋತರದ ಗಂಟು ಹಾಗೇ ಕೂತಿತ್ತು. ಅದನ್ನು ಮುಟ್ಟಿದರೆ ಅಪಶಕುನ, ಎಸೆದರೆ ಅನ್ನಕ್ಕೆ ಅವಮಾನ ಎಂದು ಮನೆಯವರು ಸುತ್ತುಬಳಸಿ ಓಡಾಡುತ್ತಿದ್ದರು.

‘‘ಮುತ್ಯಾ,’’ ಎಂದಳು ಅನುರಾಧಾ. ‘‘ನಂದು ತಪ್ಪಾತ್ರಿ. ನೀವು ಸತ್ತೀರಿ ಅಂತ ತಿಳಕೊಂಡೆ. ಯಾರನ್ನೂ ಕೇಳಲಿಲ್ಲ. ಕೇಳಬೇಕಾಗಿತ್ತು.’’

ಅವಳು ‘ಆದ್ರ’ ಎನ್ನದಿರಲು ನಾಲಿಗೆ ಕಚ್ಚಿಕೊಂಡು ನಿಂತಳು. ಗೋಡೆಯ ಕಡೆಯಿಂದಲೇ ದನಿ ಬಂತು.

‘‘ಅವತ್ತ ನೀ ಅತ್ತೇನ?’’

‘‘ಇಲ್ರಿ.’’

‘‘ಯಾಕ?’’

‘‘ಮನಿಯವರಿಗಿಂತ ಹೆಚ್ಚ ಅಳಬಾರದು ಅಂತ ಆಯಿ ಹೇಳ್ಯಾಳ್ರಿ. ನಿಮ್ಮ ಮನ್ಯಾಗ ಯಾರೂ ಅಳಾಕತ್ತಿರಲಿಲ್ಲ.’’

ಶಾಂತಲಿಂಗಪ್ಪ ನಿಧಾನವಾಗಿ ಈ ಕಡೆ ಹೊರಳಿದ. ಬಾಗಿಲಲ್ಲಿ ನಿಂತಿದ್ದ ಸೊಸೆಯನ್ನು ಒಂದು ಸಲ ನೋಡಿದ, ಸೊಸೆ ಸೆರಗು ಸರಿಮಾಡಿಕೊಂಡು ಒಳಗೆ ಹೋದಳು.

‘‘ನಾ ಸಾಯ್ತೇನೇನು?’’

ಕೇಳಿದ್ದಕ್ಕೆ ಖರೇ ಹೇಳಬೇಕು. ಅನುರಾಧಾ ವಿಚಾರ ಮಾಡಿದಳು. ‘‘ಸಾಯ್ತೀರಿ. ಎಲ್ಲಾರೂ ಸಾಯ್ತಾರ್ರಿ. ಯಾವಾಗಂತ ಗೊತ್ತಿಲ್ಲ. ಉಣ್ಣದ ಹಿಂಗ ಮಲಗಿದ್ರ ಜಲ್ದಿ ಸಾಯ್ತೀರಿ.’’

‘‘ಭಾರೀ ಡಾಕ್ಟರ್ ಇದ್ದಿ ನೀ.’’ ಮುದುಕ ಕೆಮ್ಮಿದ. ಕೆಮ್ಮು ಮುಗಿದ ಮೇಲೆ ಬಾಗಿಲ ಕಡೆ ಕಣ್ಣು ಹಾಯಿಸಿ, ದನಿ ತಗ್ಗಿಸಿದ. ‘‘ಎಷ್ಟ ರೊಟ್ಟಿ ಆಗಿದ್ವು?’’

‘‘ಮೂವತ್ತೊಂದು.’’

‘‘ಹೋದ ವರ್ಷ ಸತ್ತ ಚನ್ನಮಲ್ಲಗ?’’

‘‘ಇಪ್ಪತ್ತಮೂರು.’’

ಮುದುಕನ ಮುಖದ ಮೇಲೆ ಏನೋ ಒಂದು ಗೆರೆ ಸಡಿಲಾಯಿತು. ‘‘ಎಂಟ ಹೆಚ್ಚು,’’ ಎಂದ ತನಗೇ. ‘‘ಯಾರ್ಯಾರು ಕೊಟ್ರು?’’

ಅವಳು ಹೇಳತೊಡಗಿದಳು. ಅವನು ಪ್ರತಿ ಹೆಸರಿಗೂ ತೀರ್ಪು ಕೊಟ್ಟ. ಇವನು ಹೆದರಿ ಕೊಟ್ಟ, ಇವಳು ತೋರಿಸಿಕೊಳ್ಳಲು ಕೊಟ್ಟಳು, ಇವನಿಗೆ ಎರಡು ಕೊಡಲು ಏನು ಧಾಡಿಯಾಗಿತ್ತು. ಹತ್ತನೆಯ ಹೆಸರಿಗೆ ಬಂದಾಗ ಅನುರಾಧಾ ಸ್ವಲ್ಪ ತಡೆದಳು.

‘‘ನಾಗಣ್ಣ ಕಾಕಾ. ನಾಲ್ಕು.’’

‘‘ಯಾ ನಾಗಣ್ಣ?’’

‘‘ಬೇವಿನ ಗಿಡದ ನಾಗಣ್ಣ ಕಾಕಾ. ತಾವ ಹೊರಗ ಬಂದು ಕೊಟ್ರು. ಮ್ಯಾಲ ಶೇಂಗಾ ಹಿಂಡಿ ಇಟ್ರು. ಏನೋ ಹೇಳಾಕ ಬಂದ್ರು, ಹೇಳಲಿಲ್ಲ. ಅವರ ಕಣ್ಣಾಗ ನೀರಿದ್ವು.’’

‘‘ಖರೇ?’’

‘‘ಖರೇ ಮುತ್ಯಾ. ಸುಳ್ಳು ಹೇಳಿದ್ರ ಆಯಿ ದಂಡಿನ್ಯಾಗಿಂದ ತೆಗೀತಾಳ.’’

ಶಾಂತಲಿಂಗಪ್ಪ ಎದ್ದು ಕೂರಲು ನೋಡಿದ, ಆಗಲಿಲ್ಲ. ಅನುರಾಧಾ ಬೆನ್ನಿಗೆ ಕೈ ಕೊಟ್ಟಳು. ಎದ್ದು ಕೂತು ಗಂಟನ್ನೇ ನೋಡಿದ. ಹನ್ನೊಂದು ವರ್ಷದ ವೈರಿ ತನಗಾಗಿ ಅತ್ತದ್ದನ್ನು ಕೇಳುವ ಯೋಗ ಸತ್ತ ಯಾರಿಗೂ ಸಿಕ್ಕಿರಲಿಕ್ಕಿಲ್ಲ. ಅದು ಸಿಕ್ಕಾಗ ಹೊಟ್ಟೆ ಹಸಿಯುತ್ತದೆ ಎಂಬುದು ಅವನಿಗೂ ಹೊಸ ಸಂಗತಿ.

‘‘ಅದನ್ನ ಬಿಚ್ಚು,’’ ಎಂದ.

‘‘ಮೂರ ದಿನದ್ದಾತ್ರಿ, ಕಟಿಕಟಿ ಆಗ್ಯಾವ.’’

‘‘ಜೋಳದ ರೊಟ್ಟಿ ಕಟಿಕಟಿ ಆದ್ರ ಕೆಡ್ತದೇನ? ಮೊಸರ ತರಾಕ ಹೇಳು. ಸತ್ತ ಮ್ಯಾಲ ತಿನ್ನೂ ಮಂದಿ ಬ್ಯಾರೇನ ಇರ್ತಾರ. ನನ್ನ ಹೆಸರಿಂದು ನಾನ ನೋಡಬೇಕು ಹ್ಯಾಂಗ ಅದ ಅಂತ.’’

ಮೊಸರು ಬಂತು. ಶಂಕರಲಿಂಗ ಸಿಮೆಂಟಿನ ಕೈಯಲ್ಲೇ ಓಡಿ ಬಂದು ಬಾಗಿಲಲ್ಲಿ ನಿಂತ. ಒಳಗೆ ಬರಲು ಹೆದರಿ ಅಲ್ಲೇ ನಿಂತ. ಮುದುಕ ಮೊದಲ ರೊಟ್ಟಿಯನ್ನು ಮುರಿದು ಮೊಸರಿನಲ್ಲಿ ನೆನೆಸಿ ತಿಂದ. ಎರಡನೆಯದನ್ನು ಎತ್ತಿ ಬೆಳಕಿಗೆ ಹಿಡಿದ.

‘‘ಎಷ್ಟ ತೆಳ್ಳಗ ಬಡದಾರ. ಇದು ಯಾರ ಮನೀದು?’’

ಇಲ್ಲಿ ಅನುರಾಧಾ ಸಿಕ್ಕಿಬಿದ್ದಳು. ಎಲ್ಲವನ್ನೂ ಆಯಿಯಂತೆಯೇ ಕಲಸಿದ್ದಳು, ಆದರೆ ಅಷ್ಟು ತೆಳ್ಳಗೆ ಬಡಿಯುವ ಕೈ ಊರಿನಲ್ಲಿ ಒಂದೇ. ಶಾಂತಲಿಂಗಪ್ಪ ಪರರ ಮನೆಯ ನೀರನ್ನೂ ನೋಡಿ ಕುಡಿಯುವವನು ಎಂಬುದು ಊರಿಗೇ ಗೊತ್ತು.

‘‘ವಜೀರುನ್ನಿಸಾ ಅಜ್ಜೀದು ಇರಬೇಕ್ರಿ,’’ ಎಂದಳು.

ಬಾಗಿಲಲ್ಲಿ ಶಂಕರಲಿಂಗ ಅಪ್ಪನ ಕೈಯನ್ನೇ ನೋಡಿದ. ಮುದುಕ ರೊಟ್ಟಿಯನ್ನು ತಿರುಗಿಸಿ ಇನ್ನೊಂದು ಮಗ್ಗುಲು ನೋಡಿದ. ಊರಿನ ಬರೆಯದ ಗ್ರಂಥದ ಪುಟಗಳು ಅವನ ತಲೆಯಲ್ಲಿ ಒಂದೊಂದಾಗಿ ಮಗುಚುತ್ತಿರುವುದು ಕಾಣುತ್ತಿತ್ತು.

‘‘ನಾ ಅಂತೂ ಊರ ಲೆಕ್ಕದಾಗ ಸತ್ತಾಂವ,’’ ಎಂದ ಕೊನೆಗೆ. ‘‘ಸತ್ತಾಂವಗ ಏನ ಮಡಿ.’’ ಮುರಿದು ಬಾಯಿಗಿಟ್ಟ. ಅಗಿಯುತ್ತ, ‘‘ಇಷ್ಟ ವರ್ಷ ಯಾರೂ ಹೇಳಲಿಲ್ಲ ನೋಡು,’’ ಎಂದು ಯಾರಿಗೋ ದೂರು ಹೇಳಿದ. ಆಮೇಲೆ ಮಗನ ಕಡೆ ತಿರುಗಿದ. ‘‘ಆ ಮೊಬೈಲಿನ್ಯಾಗಿನ ಫೋಟೋ ತೆಗಸು. ಅದರಾಗ ನಾ ಸತ್ತಂಗ ಕಾಣ್ತೇನಿ. ಮತ್ತ ನಾಗಣ್ಣಗ ಹೇಳಿ ಕಳಸು, ಹಿಂಡ್ಯಾಗ ಉಪ್ಪ ಕಮ್ಮಿ ಆಗೇದ ಅಂತ.’’

ಆ ಸುದ್ದಿ ತಲುಪಿದ ಅರ್ಧ ಗಂಟೆಯಲ್ಲಿ ನಾಗಣ್ಣ ಉಪ್ಪಿನ ವಿಷಯವಾಗಿ ಜಗಳ ತೆಗೆಯಲು ಖುದ್ದಾಗಿ ಬಂದ. ಮಧ್ಯಾಹ್ನ ಅವನು ಹೋಗುವಾಗಲೂ ಜಗಳ ಮುಗಿದಿರಲಿಲ್ಲ. ಉಳಿದದ್ದಕ್ಕೆ ನಾಳೆ ಬರುತ್ತೇನೆ ಎಂದು ಹೇಳಿ ಹೋದ.

ಅನುರಾಧಾ ಧೋತರ ಒಗೆದು ಒಣಹಾಕಿದಳು. ದಂಡಿನ ಕಾನೂನಿಗೆ ಹೊಸದೊಂದು ಸೇರಿತು: ಮೊದಲು ಕೇಳಬೇಕು. ಆ ತಿದ್ದುಪಡಿಯನ್ನು ಕಾಶಿಬಾಯಿ ಎಂಟೂ ಮಕ್ಕಳನ್ನು ಕೂರಿಸಿ, ಹಳೆಯದು ತನ್ನ ತಪ್ಪೆಂದು ಒಪ್ಪಿಕೊಂಡು ಘೋಷಿಸಿದಳು. ಶಿವಗಂಗಾ ಒಂದು ದಿನದ ಮೌನ ಮುರಿದು, ಮುಂದಿನ ಸಲ ತಾನೂ ಎರಡು ರೊಟ್ಟಿ ಹೆಚ್ಚು ಬಡಿದು ಕೊಡುತ್ತೇನೆ ಎಂದಳು.

ಇನ್ನು ಚೌಡಾಪುರದ ಬೆಂಚುಗಳ ಮೇಲೆ ಈ ಪ್ರಕರಣಕ್ಕೆ ಏನೇನು ರೆಕ್ಕೆಪುಕ್ಕ ಬಂತೋ ಹೇಳುವುದು ಬೇಡ. ಹುಡುಗಿಯನ್ನು ಒಂಟಿಯಾಗಿ ಕಳಿಸಿದ್ದರಲ್ಲೇ ಇಡೀ ಮರ್ಮ ಅಡಗಿದೆ ಎಂದರು. ಮುದುಕನ ಹಟ ಮುರಿಯಲು ದೊಡ್ಡವರ ಬುದ್ಧಿವಾದ ಸಾಲದು, ಮಗುವಿನ ಖರೇ ಮಾತೇ ಬೇಕು ಎಂದು ಕಾಶಿಬಾಯಿ ಮೊದಲೇ ಕಂಡಿದ್ದಳಂತೆ. ಮಗುವಿಗೆ ಹೊಣೆ ಬರಬೇಕಾದರೆ ದೊಡ್ಡವರು ಕೈ ಬಿಡಬೇಕು ಎಂಬುದು ಅವಳ ಮೂವತ್ತು ವರ್ಷದ ತಪಸ್ಸಿನ ಸಾರವಂತೆ. ಸುದ್ದಿ ಶಾಲೆಯ ಹೆಡ್‌ಮಾಸ್ತರರ ಕಿವಿಗೂ ಬಿತ್ತು. ಅಫಜಲಪುರದಲ್ಲಿ ಶಿಕ್ಷಕರ ತರಬೇತಿ ಇತ್ತು. ಅಲ್ಲಿ ಹೇಳಲು ಅವರಿಗೊಂದು ಜೀವಂತ ಉದಾಹರಣೆ ಬೇಕಿತ್ತು. ಒಂದು ಸಂಜೆ ನೋಟುಪುಸ್ತಕ ಹಿಡಿದು ಬಂದೇಬಿಟ್ಟರು.

ಕಾಶಿಬಾಯಿ ಅಂಗಳದಲ್ಲಿ ಮೊರದ ತುಂಬ ತೊಗರಿ ಇಟ್ಟುಕೊಂಡು ಹಸನು ಮಾಡುತ್ತಿದ್ದಳು. ಬದಿಗೆ ಅನುರಾಧಾ ಗಣಿತ ಮಾಡುತ್ತಿದ್ದಳು. ಹೆಡ್‌ಮಾಸ್ತರರು ಚಾಪೆಯ ಮೇಲೆ ಕೂತು, ಮಕ್ಕಳ ಮನಸ್ಸು, ಹೊಣೆಗಾರಿಕೆ, ಜೀವನದ ಕಠೋರ ಸತ್ಯ ಎಂದೆಲ್ಲ ಪೀಠಿಕೆ ಹಾಕಿ, ಪೆನ್ನಿನ ಮುಚ್ಚಳ ತೆಗೆದರು. ಅನುರಾಧಾ ಗಣಿತ ನಿಲ್ಲಿಸಿ ಕಿವಿ ಕೊಟ್ಟಳು. ಅವಳಿಗೂ ಇದು ಬೇಕಿತ್ತು.

‘‘ಒಂದ ಮಾತು ಹೇಳ್ರಿ ಅಕ್ಕಾರ,’’ ಎಂದರು ಹೆಡ್‌ಮಾಸ್ತರರು. ‘‘ಅಂಥಾ ಪ್ರಸಂಗದಾಗ ನೀವು ಹೋಗದ, ಹನ್ನೆರಡ ವರ್ಷದ ಹುಡುಗೀನ್ನ ಒಬ್ಬಾಕಿನ್ನ ಕಳಿಸಿದ್ರಿ. ಆ ಗಟ್ಟಿ ನಿರ್ಧಾರದ ಹಿಂದ ಏನ ವಿಚಾರ ಇತ್ರಿ?’’

ಕಾಶಿಬಾಯಿ ಮೊರದೊಳಗಿನ ಒಂದು ಹರಳು ಹೆಕ್ಕಿ ಅತ್ತ ಎಸೆದಳು.

‘‘ಏನ ವಿಚಾರ ಬಿಡ್ರಿ ಸರ್. ಆ ಮುದುಕ ಬೈತಾನಂತ ನನಗ ಅಂಜಿಕಿ ಬಂದಿತ್ತು. ಅದಕ್ಕ ಅಕಿನ್ನ ಕಳಿಸಿದೆ.’’